ದನಿ ತೆಗೆದ ವಿಡಿಯೊ

ಅರಕಲಗೂಡು
೧೮ ಮೇ ೨೦೨೫

ತಮ್ಮ ಕೀರ್ತಿರಾಜನಿಗೆ,

ಜೈ ಭೀಮ್. ಹಾಸನದ ನಿನ್ನ ಆಫೀಸಿನಲ್ಲಿ ಈ ಎರಡು ಪದವನ್ನು ಬಾಯಿಬಿಟ್ಟು ಹೇಳಲು ನಿನ್ನಿಂದಾಗದು, ಗೊತ್ತು. ಅದಕ್ಕೇ ಕಾಗದದಲ್ಲಿ ಬರೆದಿದ್ದೇನೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಬಸ್ ಕಂಡಕ್ಟರ್ ಪುಟ್ಟಸ್ವಾಮಿಯ ಕೈಯಲ್ಲಿ ಬರುವ ಕಾಗದವನ್ನು ಹೇಗೆ ಬ್ಲಾಕ್ ಮಾಡುತ್ತೀಯೋ ನೋಡೋಣ.

ನಿನ್ನ ಚಾನೆಲ್ಲಿನ ಸುದ್ದಿ ನೋಡಿದೆವು. 'ಶುಂಠಿ ಶೆಡ್ಡಿನಲ್ಲಿ ಅಕ್ರಮ ವಲಸಿಗರ ಗುಪ್ತಸಭೆ.' ಕೆಂಪು ಅಕ್ಷರ, ಎದೆ ನಡುಗಿಸುವ ಸಂಗೀತ, ಕೂಲಿಗೆ ಬಂದ ಬಿಮಲ್ ಚಕ್ಮಾನ ಮುಖಕ್ಕೆ ಒಂದು ಕೆಂಪು ಸುತ್ತು. ದೊಡ್ಡಮ್ಮ ಎದ್ದು ಹೋಗಿ ಟೀವಿಯ ಪಕ್ಕಕ್ಕೆ ಎರಡು ಬಡಿದಳು. "ದನಿ ಯಾಕಮ್ಮಿ ಬತ್ತಿಲ್ಲ? ಅವತ್ತು ಎಷ್ಟ್ ಚೆಂದಾಗಿ ಅಂತಿದ್ರು! ನಿನ್ ಟೀವಿ ಕೆಟ್ಟೋಯ್ತು ಕಣಮ್ಮಿ" ಅಂದಳು. ಕೆಟ್ಟಿದ್ದು ಟೀವಿ ಅಲ್ಲ ಕೀರ್ತಿ.

ಅದು ಯಾವ ಸಭೆ ಅಂತ ನಿನಗೆ ನಾನು ಹೇಳಬೇಕೆ? ಬುದ್ಧ ಹುಣ್ಣಿಮೆಯ ಸಂಜೆ. ಶುಂಠಿ ನಾಟಿಗೆಂದು ತ್ರಿಪುರಾದಿಂದ ಬಂದ ಆ ಚಕ್ಮಾ ಜನ, ಇಲ್ಲಿ ಬುದ್ಧವಿಹಾರ ಇದೆಯಾ ಎಂದು ಕೇಳಿದ್ದರು. ಇಲ್ಲ ಅಂದೆ. ಅಪ್ಪ ಬೌದ್ಧ ದೀಕ್ಷೆ ತಗೊಂಡಾಗ ತಂದ ಬುದ್ಧನ ಪಟವನ್ನು ಬೀಜದ ಶುಂಠಿ ಮೂಟೆಯ ಮೇಲಿಟ್ಟವಳು ನಾನು. ಬಿಳಿ ಬಟ್ಟೆ ಉಟ್ಟು ಬನ್ನಿ ಅಂದವಳು ನಾನು. ನಿನ್ನನ್ನು ಕರೆದವಳೂ ನಾನೇ. ಅದನ್ನು ಫೋನಿನಲ್ಲಿ ಹಿಡಿದವನು ನೀನು. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ. ತಿಸರಣ ಪ್ರಾರ್ಥನೆ ಶುರುವಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಬುದ್ಧಂ ಸರಣಂ ಗಚ್ಛಾಮಿ. ಅದನ್ನೇ ಅಲ್ಲವೇನೋ ನೀನು ಒರೆಸಿ ಹಾಕಿದ್ದು?

ಮೊನ್ನೆ ವಿಚಾರಣೆ ಅಂತ ಬಿಮಲನನ್ನು ಠಾಣೆಗೆ ಕರೆದುಕೊಂಡು ಹೋದರು. ಇನ್ನೂ ಬಿಟ್ಟಿಲ್ಲ. ಶೆಡ್ಡಿನ ಮಾಲೀಕ ಪಾಲಾಕ್ಷ ನಮ್ಮ ಬಾಗಿಲಿಗೆ ಬಂದು, "ಅವ್ರನ್ನ ಖಾಲಿ ಮಾಡ್ಸವ್ವ" ಅಂದ. ಆಧಾರ್ ಇದೆ, ವೋಟರ್ ಕಾರ್ಡ್ ಇದೆ, ನಮ್ಮ ದೇಶದವರೇ ಎಂದೆ. "ಕಾರ್ಡು ಯಾರ್ ಬೇಕಾರೂ ಮಾಡಿಸ್ಕತರೆ. ಟೀವೀಲಿ ಬಂದೈತೆ ಕಣವ್ವ, ಅದೂ ನಿನ್ ತಮ್ಮನ್ ಟೀವೀಲಿ! ಸುಳ್ಳಾದದಾ?" ಅಂದ.

ಬಿಮಲನ ಹೆಂಡತಿ ಜೋಸ್ನಾ ಬಟ್ಟೆ ಗಂಟು ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಕಟ್ಟುತ್ತಾಳೆ. ಗಂಡ ಬಾರದೆ ಹೊರಡುವುದೆಲ್ಲಿಗೆ? ಕಲಿತ ನಾಲ್ಕು ಕನ್ನಡ ಪದಗಳಲ್ಲಿ ಅವಳದು ಒಂದೇ ಮಾತು: "ಅಕ್ಕಾ, ತಮ್ಮಂಗೆ ಫೋನ್ ಮಾಡು. ತಮ್ಮಂಗೆ ನಾವು ಗೊತ್ತು." ಆ ವಿಡಿಯೊ ಯಾರು ಕೊಟ್ಟಿದ್ದೆಂದು ಅವಳಿಗೆ ಹೇಳಿಲ್ಲ. ಹೇಳಲು ನಾಚಿಕೆ.

ಹಾಸನ ಈಗ ದೊಡ್ಡ ಊರಾಗಿದೆಯಂತೆ. ಸಂಜೆಯಾದರೆ ಮೊಮೋ ಗಾಡಿಯ ಮುಂದೆ ಜನವೋ ಜನ. ಮೊಮೋ ಎಲ್ಲಿಯದೆಂದು ಯಾರೂ ಕೇಳುವುದಿಲ್ಲ, ಬೇಯಿಸುವವನು ಎಲ್ಲಿಯವನೆಂದು ಕೇಳುತ್ತಾರೆ. ನೀನು ಬಾಡಿಗೆ ಮನೆ ಹಿಡಿದಾಗ ನಿನ್ನನ್ನೂ ಕೇಳಿದರಲ್ಲ, "ತಾವು ಯಾವ ಜನ?" ಅಂತ. ನೀನು ಬೇರೆ ಜಾತಿ ಹೇಳಿದೆ. ಬಾಬಾಸಾಹೇಬರ ಫೋಟೊ ಸೂಟ್‌ಕೇಸಿನೊಳಗೆ ಹೋಯಿತು. ಆಗ ನಾನು ಬೈಯಲಿಲ್ಲ. ಹೊಟ್ಟೆಪಾಡು, ಬಚ್ಚಿಟ್ಟುಕೊಳ್ಳಲಿ ಅಂದುಕೊಂಡೆ. ಆದರೆ ಬಚ್ಚಿಟ್ಟುಕೊಳ್ಳುವುದು ಬೇರೆ, ಹಿಡಿದುಕೊಡುವುದು ಬೇರೆ ಕಣೋ. ನಿನ್ನನ್ನು ಸುಟ್ಟ ಪ್ರಶ್ನೆಯನ್ನೇ ಮೈಕಿಗೆ ಕಟ್ಟಿ ಅವರ ಬಾಯಿಗೆ ಹಿಡಿದೆಯಲ್ಲೋ!

ಕ್ಷಮೆ ಗಿಮೆ ಬೇಡ. ಬಾ. ಠಾಣೆಗೆ ನಡಿ. ದನಿ ಇರುವ ವಿಡಿಯೊ ತೋರಿಸು. ಆಮೇಲೆ ಅದನ್ನೇ ಅದೇ ಚಾನೆಲ್ಲಿನಲ್ಲಿ ಹಾಕಿಸು.

ಕೂತಲ್ಲಿ ಕೂರಲಾಗುತ್ತಿಲ್ಲ. ಬಾಗಿಲಿಗೂ ರಸ್ತೆಗೂ ಓಡಾಡುತ್ತಾ ಬರೆದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಶಾಂತಿ

ತಾ.ಕ.: ವಿಡಿಯೊ ಅಳಿಸಿದ್ದೇನೆಂದು ನೆಮ್ಮದಿಯಾಗಿರಬೇಡ. ಹುಣ್ಣಿಮೆಯ ದಿನವೇ ನೀನೇ ಅದನ್ನು ದೊಡ್ಡಮ್ಮನ ಫೋನಿಗೆ ಕಳಿಸಿದ್ದೆ, ಮರೆತೆಯಾ? ಇವತ್ತು ಮತ್ತೆ ಕೇಳಿದೆ. ಎಲ್ಲರಿಗಿಂತ ಜೋರಾಗಿರುವುದು ಫೋನು ಹಿಡಿದವನ ದನಿ. ನೀನು ಹೇಳಿಕೊಡುತ್ತಿದ್ದೀಯ, ಅವರು ನಿನ್ನ ಹಿಂದೆ ಹೇಳುತ್ತಿದ್ದಾರೆ. ನಾಳೆ ಮೊದಲ ಬಸ್ಸಿಗೆ ನೀನು ಬರದಿದ್ದರೆ ಆ ಫೋನು ಹಿಡಿದು ನಾನೇ ಠಾಣೆಗೆ ಹೋಗುತ್ತೇನೆ. ನಿನ್ನ ಬಾಡಿಗೆ ಮನೆ ಹೋಗಬಹುದು, ಕೆಲಸವೂ ಹೋಗಬಹುದು. ಆದರೂ ಯಾರ ದನಿ ಎಂದು ಕೇಳಿದರೆ, ನನ್ನ ತಮ್ಮನದು ಅಂತಲೇ ಹೇಳುತ್ತೇನೆ.