ಕಾಲು ಇಂಚು ಕಡಿಮೆಯಾದ ತೊಂಬತ್ತನೆಯ ದಿನ

ಮಾನ್ಯ ದಾಖಲೆ ನೋಂದಣಾಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಕಾಗದವನ್ನು ಕಾಲು ಇಂಚು ಗಿಡ್ಡವೆಂದು ಹಿಂದಿರುಗಿಸಿ, ಹದಿನಾರು ಸಾವಿರ ಡಾಲರಿನ ದುಡಿಮೆಗಿದ್ದ ನನ್ನ ಹಕ್ಕನ್ನು ಮಣ್ಣುಪಾಲು ಮಾಡಿದೆ. ಊರವರೆಲ್ಲ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಈ ಸಲ ಕಾಗದದ ಅಳತೆ ಸರಿಯಾಗಿದೆ, ಹೆದರಬೇಡಿ.

ನಾನು ಟೈಲ್ಸ್ ಕೂರಿಸುವವಳು. ಸ್ಟ್ರಾಟನ್ ಎಂಬ ಗೃಹಸ್ಥರ ಮನೆಯ ಮೂರು ಬಚ್ಚಲುಗಳಲ್ಲಿ ನಾನೂ ನನ್ನ ಪಾಲುದಾರ ಲೆವೊನ್ ಅಣ್ಣನೂ ಎರಡು ತಿಂಗಳು ಮೊಣಕಾಲೂರಿ ದುಡಿದೆವು. ಹಣ ಬರಲಿಲ್ಲ. ಆ ಮನೆಯ ಮೇಲೆ ಮೆಕ್ಯಾನಿಕ್ಸ್ ಲೀನ್ ಎಂಬ ಹಕ್ಕನ್ನು ನಿಮ್ಮ ಕಚೇರಿಯಲ್ಲಿ ದಾಖಲಿಸಿದೆ. ಅಂದರೆ ನಮ್ಮ ಕೂಲಿ ತೀರಿಸದೆ ಮನೆ ಮಾರುವುದು ಕಷ್ಟ. ಆದರೆ ಈ ಹಕ್ಕಿನ ಆಯುಸ್ಸು ತೊಂಬತ್ತೇ ದಿನ. ಅಷ್ಟರೊಳಗೆ ದಾವೆ ಹೂಡಬೇಕು, ಇಲ್ಲವೇ ಮನೆಯೊಡೆಯರ ಸಹಿಯಿರುವ ಪತ್ರವನ್ನು ನಿಮ್ಮಲ್ಲಿ ದಾಖಲಿಸಿ ಅವಧಿ ವಿಸ್ತರಿಸಬೇಕು. ಸಾಲಗಾರನಿಗೆ ವಾಯಿದೆ ಕೊಡಲು ಸಾಲಗಾರನದೇ ಅಪ್ಪಣೆ! ಈ ಕಾನೂನು ಬರೆದ ಮಹಾನುಭಾವರು ಎಂದಾದರೂ ಕೂಲಿಗಾಗಿ ಬಾಗಿಲು ತಟ್ಟಿದ್ದರೇ?

ಆಶ್ಚರ್ಯವೆಂದರೆ, ಎಂಬತ್ತೊಂಬತ್ತನೆಯ ದಿನ ಸ್ಟ್ರಾಟನ್ ನೋಟರಿಯ ಮುಂದೆ ಆ ವಿಸ್ತರಣೆಯ ಪತ್ರಕ್ಕೆ ಸಹಿ ಹಾಕಿಯೇಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ತಪ್ಪು ನನ್ನದೂ ಇದೆ. ಆ ಕಾಗದದ ಮೇಲೆ ಅಕ್ಷರಗಳ ಸಾಲು ಓರೆಯಾಗಿ ಅಚ್ಚಾಗಿತ್ತು. ಇಪ್ಪತ್ತೆರಡು ವರ್ಷ ಗೆರೆ ನೇರ ಮಾಡಿ ಅನ್ನ ತಿಂದ ಕೈ ಸುಮ್ಮನಿದ್ದೀತೇ? ಉಕ್ಕಿನ ಪಟ್ಟಿ ಇಟ್ಟು, ಬ್ಲೇಡು ಎಳೆದು, ನಾಲ್ಕೂ ಅಂಚನ್ನು ಸಾಲಿಗೆ ಸಮನಾಗಿ ಕತ್ತರಿಸಿದೆ. "ಈಗ ನೋಡು, ಲಕ್ಷಣವಾಗಿದೆ" ಎಂದ ಲೆವೊನ್ ಅಣ್ಣ.

ತೊಂಬತ್ತನೆಯ ದಿನ ನಿಮ್ಮ ಎರಡನೆಯ ಕಿಟಕಿಯ ಗುಮಾಸ್ತರು ಅಡಿಪಟ್ಟಿ ತೆಗೆದರು.

"ಕಾಲಿಂಚು ಕಮ್ಮಿ ಇದೆ ಮೇಡಂ. ತಗೊಳ್ಳೋಕಾಗಲ್ಲ."

"ಒಂದಕ್ಷರಾನೂ ಹೋಗಿಲ್ವಲ್ಲ ಸಾರ್! ಸಹಿ ಇದೆ, ಮುದ್ರೆ ಇದೆ, ಓದಿ ನೋಡಿ."

"ಓದೋದು ನಮ್ಮ ಕೆಲ್ಸ ಅಲ್ಲ. ಅಳತೆ ನೋಡೋದು."

"ದೊಡ್ಡ ಹಾಳೆಗೆ ಅಂಟಿಸಿ ಕೊಡ್ಲಾ?"

"ಅದು ತಿದ್ದಿದ ಹಾಗಾಗತ್ತೆ. ಹೊಸದು ಮಾಡಿಸ್ಕೊಂಡು ಬನ್ನಿ."

ಓಡಿದೆ. ಸ್ಟ್ರಾಟನ್ ಬಾಗಿಲಲ್ಲೇ ನಕ್ಕರು. "ನಿನ್ನೆ ತಾನೇ ಹಾಕ್ಕೊಟ್ನಲ್ಲಮ್ಮಾ! ದಿನಾ ಸಹಿ ಹಾಕೋಕೆ ನಾನೇನು ಗವರ್ನರಾ? ನಾಳೆ ಬಾ."

ನಾಳೆ ಎಂದರೆ ತೊಂಬತ್ತೊಂದು. ತೊಂಬತ್ತನೆಯ ದಿನದ ಆ ಮಧ್ಯಾಹ್ನವೇ ದಾವೆ ಹೂಡೋಣವೆಂದರೆ ವಕೀಲರೂ ಸಿಗಲಿಲ್ಲ. ಮುಂದಿನ ವಾರ ಸ್ಟ್ರಾಟನ್ ಮನೆ ಮಾರಿ ರಾಜ್ಯ ಬಿಟ್ಟರು. ಆ ಮಾರಾಟ ಪತ್ರವನ್ನು ಅದೇ ಎರಡನೆಯ ಕಿಟಕಿ ದಾಖಲಿಸಿಕೊಂಡಿತು. ಅದರ ಅಳತೆ ಸರಿಯಾಗಿತ್ತಂತೆ! ತನ್ನ ಪಾಲೂ ಮುಳುಗಿದ್ದರೂ ಲೆವೊನ್ ಅಣ್ಣ ಬೈಯಲಿಲ್ಲ. "ನಾನಾಗಿದ್ರೂ ಕತ್ತರಿಸ್ತಿದ್ದೆ ಬಿಡು" ಅಂದ. ಬೈದಿದ್ದರೇ ವಾಸಿಯಿತ್ತು, ಅವನ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ನಿಮ್ಮ ನೆಲವನ್ನೂ ನೋಡಿದೆ, ಸ್ವಾಮಿ. ಏಳು ಟೈಲ್ಸ್ ಎದ್ದಿವೆ, ಸಂದು ಅರ್ಧ ಇಂಚು ಓರೆ. ಅದರ ಬಿಲ್ಲನ್ನು ಯಾರೂ ಅಳೆದು ವಾಪಸು ಕಳಿಸಲಿಲ್ಲವೇ?

ನಾನು ಕೇಳುವುದಿಷ್ಟು. ಕೊನೆಯ ದಿನ ಬಂದ ಕಾಗದವನ್ನು ಅಂದಿನ ತಾರೀಖಿನಲ್ಲೇ ಸ್ವೀಕರಿಸಿ, ಅಳತೆಯ ಜಗಳವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ನನ್ನದಂತೂ ಹೋಯಿತು, ನನ್ನ ಹಿಂದೆ ನಿಂತವರದು ಹೋಗದಿರಲಿ. ನಿಮ್ಮ ನೆಲ ಸರಿಮಾಡಲು ಲೆವೊನ್ ಅಣ್ಣನೂ ನಾನೂ ಬರುತ್ತೇವೆ. ದುಡ್ಡು ಮಾತ್ರ ಮೊದಲೇ ಕೊಡಬೇಕು.

ಇಂತಿ,
ನೇರವಾಗಿ ಕತ್ತರಿಸಿ ಕೆಟ್ಟವಳು,
ಅರ್ಪಿನೆ ತೊಪಾಲಿಯನ್