ಅಂಗಾಲಿಗೆ ಚುಚ್ಚಿದ ಕಲ್ಲು

ತಮ್ಮ ಆಂಜಿನಪ್ಪನಿಗೆ,

ಫೋನು ಎತ್ತದ ಮಹಾರಾಯ, ಕಾಗದವನ್ನಾದರೂ ಪೂರ್ತಿ ಓದು. "ಅಕ್ಕಾ, ನಿನ್ ಕಾಲ್ ಕತೆ ಮುಗೀತು, ಊರಹಬ್ಬದ್ ಆರತಿನ ವಾರಗಿತ್ತಿಗ್ ಬಿಟ್ಕೊಡು" ಅಂದೆಯಲ್ಲ, ಎಲುಬಿಲ್ಲದ ನಾಲಿಗೆ ಕಣೋ ನಿನ್ನದು.

ನೀನು ಹೇಳಿದೆಯೆಂದು ಜೋಮು ಹಿಡಿದ ಪಾದವನ್ನು ಕಾದ ಇಟ್ಟಿಗೆಯ ಮೇಲಿಟ್ಟೆ. ಬೊಬ್ಬೆ ಬಂದರೂ ತಿಳಿಯಲಿಲ್ಲ. ಮೊಮ್ಮಗಳು ಸಿಂಚನ ಹೊಸಕೋಟೆಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ಅಜ್ಜಿ, ಬಿ ಹನ್ನೆರಡು ವಿಟಮಿನ್ ಕಮ್ಮಿಯಾಗಿ ನರ ಸೊರಗಿದೆ. ಇನ್ನೊಂದ್ಸಲ ಬಿಸಿ ಇಟ್ರೆ ನೋಡಿ!" ಎಂದು ಗದರಿದರು. ಮೊದಲು ಸೂಜಿ, ಆಮೇಲೆ ಮಾತ್ರೆ. ತಿಂಗಳುಗಟ್ಟಲೆ ಬಿಡದೆ ನುಂಗಿದೆ.

ಮೊನ್ನೆ ಹಬ್ಬದಲ್ಲಿ ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಅಮ್ಮನ ಗುಡಿ ಸುತ್ತಿದೆ. ಅಂಗಾಲಿಗೆ ಜಲ್ಲಿಕಲ್ಲು ಚುಚ್ಚಿತು. ವಾರಗಿತ್ತಿ ರುಕ್ಮಿಣಮ್ಮ ಓಡಿಬಂದು, "ನೋವಾಯ್ತಾ ಅಕ್ಕಾ?" ಅಂದಳು.

"ಆಯ್ತು ಕಣೇ, ಚೆನ್ನಾಗಿ ಆಯ್ತು!" ಎಂದು ಊರಿಗೆಲ್ಲಾ ಕೇಳುವಂತೆ ಕೂಗಿದೆ. ತಲೆಯ ಮೇಲಿನ ದೀಪ ಅಲುಗಲಿಲ್ಲ.

ನಿನ್ನ ಕಾಲೂ ಉರಿಯುತ್ತದೆಂದು ನಿನ್ನ ಹೆಂಡತಿ ಹೇಳಿದಳು. ಪಂಡಿತಿಕೆ ಕಟ್ಟಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸು. ಅದರಲ್ಲಿ ಏನು ಬಂತೆಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಬರೆ.

ನಿನ್ನ ಅಕ್ಕ,
ಅಮ್ಮಯಮ್ಮ