ಅವ್ವ ಕತ್ತರಿಸಿದ ಕೂದಲು

26 ಜನವರಿ 2000, ಬುಧವಾರ

ಬೆಳಿಗ್ಗೆ ಶಾಲೆಯಲ್ಲಿ ನನ್ನ ಕೈಯಿಂದಲೇ ಧ್ವಜ ಹಾರಿಸಿದರು. ಕಾರ್ಗಿಲ್‌ನಲ್ಲಿ ಕಾದಾಡಿ ರಜೆಗೆ ಬಂದ ಸೈನಿಕನೆಂದು ಹಾರ ಹಾಕಿದರು, ಮಕ್ಕಳಿಂದ ಜೈ ಅನ್ನಿಸಿದರು. ಸುಳ್ಳೇಕೆ, ನಾನೂ ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದೆ.

ಇಂದಾದರೂ ಕ್ಷೌರಿಕ ನನ್ನನ್ನು ಕುರ್ಚಿಯಲ್ಲಿ ಕೂರಿಸಿಯಾನು ಎಂಬ ಧೈರ್ಯದಿಂದ ಅಲ್ಲಿಂದ ನೇರ ಕ್ಷೌರದಂಗಡಿಗೆ ಹೋದೆ. ಅಂಗಡಿಯ ಕೊಟ್ರಪ್ಪ ಏಳನೇ ತರಗತಿಯವರೆಗೆ ನನ್ನ ಜೊತೆ ಓದಿದವನು. ಶಾಲೆಗೆ ಬಂದು ಚಪ್ಪಾಳೆಯನ್ನೂ ತಟ್ಟಿದ್ದ. ಕುರ್ಚಿ ಖಾಲಿ ಇತ್ತು. ಕೂರಲು ಹೋದರೆ ಅಡ್ಡ ನಿಂತ.

"ಗುರುಮೂರ್ತಿ, ತಪ್ಪು ತಿಳ್ಕೋಬ್ಯಾಡ. ನಿಮ್ಮ ಕೇರಿಯವರಿಗೆ ಕತ್ತರಿ ಹಚ್ಚಿದ್ರ ಊರಾಗಿನವರು ನನ್ನ ಅಂಗಡಿಗೆ ಬರಂಗಿಲ್ಲ. ಹರಪನಹಳ್ಳಿಗೆ ಹೋಗಿ ಮಾಡಿಸ್ಕೊಂಡು ಬಾ."

"ಈಗಷ್ಟ ನನ್ನ ಕೈಲಿ ಧ್ವಜ ಹಾರಿಸಿದ್ರಲ್ಲಲೇ?"

"ಅದು ಸರ್ಕಾರದ್ದು. ಇದು ಊರಿಂದು."

ಅವನನ್ನು ಹೊಡೆಯಲೂ ಆಗಲಿಲ್ಲ. ಅವನೂ ಊರಿಗೆ ಹೆದರಿದ್ದ. ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಇಡೀ ದಿನ ಕುದಿದೆ. ಬಂಕರಿನಲ್ಲಿ ಜೊತೆಗಿದ್ದ ಬಿಹಾರಿ ಸೈನಿಕ ರಾಮಪ್ರವೇಶ್ ನನ್ನ ಕೂದಲು ಕತ್ತರಿಸುತ್ತಿದ್ದ, ನಾನು ಅವನದು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಅದನ್ನೇ ದೇಶ ಅಂದುಕೊಂಡಿದ್ದೆ.

ಮನೆಗೆ ಬಂದಾಗ ಅವ್ವ ನನ್ನ ತಲೆ ನೋಡಿದಳು. "ಹೋಗಬ್ಯಾಡ ಅಂದಿದ್ನೆಲ್ಲೋ. ಬಾ, ಕುಂದ್ರು" ಎಂದು ಬಟ್ಟೆ ಕತ್ತರಿಸುವ ಕತ್ತರಿಯಿಂದ ತಾನೇ ಕತ್ತರಿಸಿದಳು. ಎಡಗಡೆ ಗಿಡ್ಡ, ಬಲಗಡೆ ಉದ್ದ. ಕುತ್ತಿಗೆಯ ಮೇಲೆ ಬಿಸಿ ಹನಿ ಬಿದ್ದಾಗಲೇ ಅವಳು ಅಳುತ್ತಿರುವುದು ಗೊತ್ತಾಯಿತು.

ಭಾನುವಾರ ರಜೆ ಮುಗಿಯುತ್ತದೆ. ಮತ್ತೆ ಆ ಹಿಮದಲ್ಲಿ ನಿಂತು ಈ ಊರನ್ನೇ ಕಾಯಬೇಕು. ನಾಚಿಕೆಯೆಂದರೆ, ಯಾವಾಗ ಹೋದೇನೋ ಎಂದು ಮನಸ್ಸು ಈಗಲೇ ಹಾತೊರೆಯುತ್ತಿದೆ. ಅಲ್ಲಿ ಮಾತ್ರ ನಾನು ಬರೀ ಗುರುಮೂರ್ತಿ, ಕೇರಿಯವನಲ್ಲ.